ಬೆಳಕನ್ನು ತಿರುಗಿಸಿದ ಹರಳು

ಮರದ ತೊಗಟೆಯಲ್ಲಿರುವ ಔಷಧವನ್ನು ಪ್ರಯೋಗಾಲಯದಲ್ಲೇ ತಯಾರಿಸಲು ನನ್ನ ದೊಡ್ಡಮ್ಮ ಹನ್ನೊಂದು ವರ್ಷ ಹೆಣಗಿದರು. ಕೊನೆಗೊಂದು ದಿನ ಸೀಸೆಯಲ್ಲಿ ಬಿಳಿ ಹರಳು ಕಂಡಿತು. ಎಲ್ಲರೂ ಕೈಕುಲುಕಿದರೂ ದೊಡ್ಡಮ್ಮನಿಗೆ ಒಳಗೊಳಗೇ ಅನುಮಾನ. ಅವರ ವಿಧಾನದಲ್ಲಿ ಎಡಗೈ ಬಲಗೈಗಳಂಥ ಎರಡು ರೂಪಗಳು ಸಮವಾಗಿ ಹುಟ್ಟುತ್ತವೆ. ಒಂದು ಬೆಳಕನ್ನು ಎಡಕ್ಕೆ, ಇನ್ನೊಂದು ಬಲಕ್ಕೆ ಅಷ್ಟೇ ತಿರುಗಿಸುವುದರಿಂದ, ಅಂಥ ಹರಳು ಬೆಳಕಿನ ತಿರುವನ್ನು ಅಳೆಯುವ ಉಪಕರಣದಲ್ಲಿ ಬೆಳಕನ್ನು ಯಾವ ಕಡೆಗೂ ತಿರುಗಿಸುವುದಿಲ್ಲ. ಇದು ಮಾತ್ರ, ಒಂದೇ ರೂಪವಿರುವ ಮರದ ಔಷಧದಂತೆಯೇ, ಬಲಕ್ಕೆ ತಿರುಗಿಸಿತು.

ಅಲ್ಲೇ ಸಹಾಯಕರಾಗಿದ್ದ ದೊಡ್ಡಪ್ಪನನ್ನು ಕೇಳಿದರು: "ತೊಗಟೆಯಿಂದ ತೆಗೆದದ್ದನ್ನ ಬೆರೆಸಿದ್ರಾ?"

"ನೀನು ಸೊರಗೋದು ನೋಡಕ್ಕಾಗ್ಲಿಲ್ಲ ಕಣೇ."

"ಕಣ್ಣಿಗೆ ಮಣ್ಣೆರಚೋಕೆ ನಾನೇ ಸಿಕ್ಕಿದ್ನಾ?"

ದೊಡ್ಡಮ್ಮ ಹರಳನ್ನು ಸಿಂಕಿಗೆ ಸುರಿದು ಮೊದಲಿನಿಂದ ಶುರುಮಾಡಿದರು. ಮೂರು ವರ್ಷದ ನಂತರ, ಬೆಳಕನ್ನು ಯಾವ ಕಡೆಗೂ ತಿರುಗಿಸದ, ನಿಜವಾದದ್ದೇ ಸಿಕ್ಕಿತು. ಅಂದು ಮೊದಲು ಚಪ್ಪಾಳೆ ತಟ್ಟಿದವರು ದೊಡ್ಡಪ್ಪನೇ. ಆದರೆ ಸೀಸೆಗಳನ್ನಿಡುವ ಬೀರುವಿನ ಕೀಲಿಕೈ ಮತ್ತೆಂದೂ ಅವರ ಕೈಗೆ ಸಿಗಲಿಲ್ಲ.