ಬಿಗಿದ ಸ್ಟೀರಿಂಗೂ ನಲ್ಲಂಪಳ್ಳಿಯ ಧನಲಕ್ಷ್ಮಿಯೂ

ಆಯುಧಪೂಜೆಯ ಮಾರನೆಯ ದಿನ, ಬೆಳಗಿನ ಆರು ಗಂಟೆ. ಸೇಲಂ ಕಡೆಯ ಕಾರಿಮಂಗಲಂನ ಒಂದು ಮನೆಯ ಮುಂದೆ ರಾಮಪ್ಪ ತಮ್ಮ ಕಾರಿನ ಸ್ಟೀರಿಂಗ್ ಹಿಡಿದು ಕುಸ್ತಿ ಆಡುತ್ತಿದ್ದಾರೆ. ಅದು ಬೀಗ ಬಿದ್ದು ನಿಂತಿದೆ, ಕೀಲಿಯೂ ತಿರುಗುತ್ತಿಲ್ಲ. ಸೇಲಂ ಜಂಕ್ಷನ್ನಿನಲ್ಲಿ ರೈಲು ಅವರಿಗಾಗಿ ಕಾಯುವುದಿಲ್ಲ. ಅಷ್ಟರಲ್ಲಿ ಮೊಪೆಡ್ಡಿನಿಂದ ಇಳಿಯುವ ನಲವತ್ತಾರರ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲು ಕೇಳುವುದು ಕೀಲಿಯನ್ನಲ್ಲ.

"ಅಣ್ಣಾ, ಆರ್‌ಸಿ ಬುಕ್ಕು?"

"ಅಯ್ಯೋ, ನನ್ನ ಮನೆ ಮುಂದೆ ನನ್ನ ಕಾರಮ್ಮಾ!"

"ಇರ್ಬೋದು. ಬುಕ್ಕು ತಕ್ಕೊಂಡ್ ಬನ್ನಿ."

ಇವರು ನಲ್ಲಂಪಳ್ಳಿಯ ಧನಲಕ್ಷ್ಮಿ. ಕಾಗದ ನೋಡದೆ ಯಾರ ಕಾರಿನ ಬೀಗವನ್ನೂ ಮುಟ್ಟುವವರಲ್ಲ, ಮಂತ್ರಿ ಬಂದರೂ ಅಷ್ಟೇ. ಕಾಗದ ನೋಡಿದ ಮೇಲೆ ಸೀಟಿನಲ್ಲಿ ಕೂತು, ಎಡಗೈಯಿಂದ ಸ್ಟೀರಿಂಗನ್ನು ಆಚೆ ಈಚೆ ಮೆಲ್ಲಗೆ ಅಲುಗಿಸಿ, ಅದು ಯಾವ ಕಡೆಗೆ ಒಂದು ಕೂದಲೆಳೆಯಷ್ಟು ಸಡಿಲ ಕೊಡುತ್ತದೋ ಆ ಕಡೆಗೆ ಹಿಡಿದು, ಬಲಗೈಯಲ್ಲಿ ಕೀಲಿ ತಿರುಗಿಸುತ್ತಾರೆ. ಹತ್ತರಲ್ಲಿ ಏಳು ಕಾರು ಇಷ್ಟಕ್ಕೇ ಬಿಟ್ಟುಕೊಡುತ್ತವೆ. ಜನ ಮಾಡುವುದು ಇದರ ತದ್ವಿರುದ್ಧ. ಎಳೆದಷ್ಟೂ ಒಳಗಿನ ಬೀಗದ ಕಡ್ಡಿ ಇನ್ನೂ ಬಿಗಿಯುತ್ತದೆ.

"ನಮ್ಮಪ್ಪ ಕುರಿ ಮೇಯಿಸ್ತಿದ್ರು. ಟಗರ ಕೊಂಬು ಹಿಡ್ದು ಎಳುದ್ರೆ ಬತ್ತದಾ? ಅದು ಎತ್ಲಾಗ್ ಓಗ್ತದೋ ಅತ್ಲಾಗೇ ಒಸಿ ಬಿಟ್ಟು ತಿರುಗಿಸ್ಬೇಕು. ಕಾರು-ವಂಡೀನೂ ಹಂಗೇ."

ಆದರೆ ಇವತ್ತು ರಾಮಪ್ಪನ ಕಾರು ಬಿಟ್ಟುಕೊಡುವುದಿಲ್ಲ. ಧನಲಕ್ಷ್ಮಿ ಟಾರ್ಚ್ ಬೆಳಕು ಬಿಟ್ಟು ಕೀಲಿತೂತಿನೊಳಗೆ ಇಣುಕುತ್ತಾರೆ. ಅಂದುಕೊಂಡಿದ್ದೇ ಆಗಿದೆ! ನಿನ್ನೆ ಪೂಜೆಯಲ್ಲಿ ಚಕ್ರಕ್ಕೆ, ಗಾಜಿಗೆ, ಸ್ಟೀರಿಂಗಿಗೆ ಗಂಧ ಬಳಿದದ್ದು ಸಾಲದೆ, ಮನೆಯವರು ಭಕ್ತಿಯಿಂದ ಕೀಲಿತೂತಿಗೂ ಬೊಟ್ಟಿಟ್ಟಿದ್ದಾರೆ. ಅದು ರಾತ್ರಿಯೆಲ್ಲ ಒಣಗಿ ಗಾರೆಯಾಗಿದೆ.

"ಸಾಮಿಗೆ ಬೊಟ್ಟಿಡ್ರಿ, ಬ್ಯಾಡ ಅನ್ನಲ್ಲ. ತೂತಕ್ಕೆ ಯಾಕಿಡ್ತೀರಿ?" ಎಂದು ಬೈಯುತ್ತಲೇ ಬಿಗಿ ಸಡಿಲಿಸುವ ಔಷಧಿ ಸಿಂಪಡಿಸಿ, ಕೂದಲಿನಂಥ ತಂತಿಯಿಂದ ಗಂಧವನ್ನು ಪುಡಿಪುಡಿಯಾಗಿ ಕೆರೆದು ತೆಗೆಯುತ್ತಾರೆ. ಕೀಲಿ ಸಲೀಸಾಗಿ ಜಾರಲೆಂದು ಪೆನ್ಸಿಲ್ಲಿನ ಸೀಸ ಉಜ್ಜಿ ಪುಡಿ ಊದುತ್ತಾರೆ. ಹದಿನೈದು ನಿಮಿಷಕ್ಕೆ ಟಕ್ ಎಂಬ ಸದ್ದು. ರಾಮಪ್ಪ ರೈಲಿಗೆ ಓಡುತ್ತಾರೆ. ಬೇರೆ ದಿನ ಇಂಥ ಕರೆ ನಾಲ್ಕೋ ಐದೋ ಬಂದರೆ, ಈ ಒಂದು ದಿನ ಇಪ್ಪತ್ತು ದಾಟುತ್ತದೆ.

ಈ ಕೈ ಪಳಗಿದ್ದು ಬೆಳ್ಳಿಯಲ್ಲಿ. ಹದಿನಾರರ ವಯಸ್ಸಿಗೆ ಸೇಲಂಗೆ ಹೋದ ಧನಲಕ್ಷ್ಮಿ, ಹನ್ನೊಂದು ವರ್ಷ ಕಾಲುಗೆಜ್ಜೆಯ ಸಾಸಿವೆ ಗಾತ್ರದ ತಿರುಪುಗಳನ್ನು ಅರದಿಂದ ಉಜ್ಜಿದವರು. ಪಕ್ಕದ ಬೀದಿಯಲ್ಲಿ ಬೀಗ ರಿಪೇರಿಯ ಮುನುಸ್ವಾಮಿ ಎಂಬ ಮುದುಕರು. ಅವರ ಕಣ್ಣು ಮಂಜಾದಾಗ ಸಣ್ಣ ಕೆಲಸಕ್ಕೆ ಈ ಹುಡುಗಿಯನ್ನು ಕರೆದರು; ಕರೆದವರು ವಿದ್ಯೆಯನ್ನೇ ಧಾರೆ ಎರೆದರು. ಕಾಗದ ನೋಡದೆ ಮುಟ್ಟಬೇಡ ಎಂದು ಕಲಿಸಿದವರೂ ಅವರೇ. ಮದುವೆಯಾಗಿ ನಲ್ಲಂಪಳ್ಳಿಗೆ ಬಂದ ಮೇಲೆ ಹದಿನೆಂಟು ವರ್ಷದಿಂದ ಇದೇ ಕಸುಬು. ಗಂಡ ಪಳನಿ ಹೆದ್ದಾರಿ ಹೋಟೆಲಿನಲ್ಲಿ ಪರೋಟ ಮಾಸ್ಟರ್.

ಈಗ ಆ ಕಸುಬಿಗೇ ಕುತ್ತು ಬಂದಿದೆ. ಹೆದ್ದಾರಿಯಲ್ಲಿ ಕಾರು ಕಳವು ಹೆಚ್ಚಾಯಿತೆಂದು, ಬರುವ ತಿಂಗಳಿನಿಂದ ಮೆಕ್ಯಾನಿಕ್ ಸಂಘದ ಕಾರ್ಡು ಇಲ್ಲದವರು ಕಾರಿನ ಬೀಗ ಮುಟ್ಟಿದರೆ ಹಿಡಿಯುತ್ತೇವೆ ಎಂದು ಠಾಣೆಯಿಂದ ಹೇಳಿಕೆ ಬಂದಿದೆ. ಕಾರ್ಡಿಗೆ ಅರ್ಜಿ ಕೊಟ್ಟರೆ ಸಂಘದ ಅಧ್ಯಕ್ಷ ಗೋವಿಂದರಾಜ್ ನಕ್ಕರು. ಸಂಘದಲ್ಲಿ ಹೆಂಗಸರಿಲ್ಲ, ಗಂಡನ ಹೆಸರಲ್ಲಿ ಮಾಡಿಸು, ಕೆಲಸ ನೀನೇ ಮಾಡಿಕೋ ಎಂದರು. ಎಷ್ಟು ಸಲೀಸು ನೋಡಿ!

"ಸಹಿ ಹಾಕು ಅಂದ್ರು," ಎನ್ನುತ್ತಾರೆ ಪಳನಿ. "ಆಗಲ್ಲ ಅಂದೆ. ಯಾವನಾದ್ರೂ ನನ್ನ ಕರ್ದು ಸ್ಟೀರಿಂಗ್ ಬಿಡ್ಸು ಅಂದ್ರೆ ನಾನೇನ್ ಮಾಡ್ಲಿ, ಮೊಟ್ಟೆ ಒಡ್ದು ಉಯ್ಯಲಾ?"

ಇವತ್ತು ಹತ್ತು ಗಂಟೆಗೆ ಧನಲಕ್ಷ್ಮಿಯ ಫೋನು ಬಡಿದುಕೊಳ್ಳುತ್ತದೆ. ಕರೆದವರು ಅದೇ ಗೋವಿಂದರಾಜ್. ಅವರ ಶೆಡ್ಡಿನಲ್ಲೇ ಗಿರಾಕಿಯೊಬ್ಬರ ಕಾರು ಬಿಗಿದು ಕೂತಿದೆ. ಪೂಜೆ ಮಾಡಿದ್ದು ಅಧ್ಯಕ್ಷರೇ, ಗಂಧವೂ ಅವರದೇ. ಅವರ ಮೂವರು ಮೆಕ್ಯಾನಿಕರು ಎಳೆದೆಳೆದು ಸೋತಿದ್ದಾರೆ. ಧನಲಕ್ಷ್ಮಿ ಹೋಗುತ್ತಾರೆ, ನೋಡುತ್ತಾರೆ, ಕೈ ಹಿಂದೆ ಕಟ್ಟಿ ನಿಲ್ಲುತ್ತಾರೆ.

"ಬುಕ್ಕು?"

"ಓನರ್ ಅತ್ರ ಐತೆ, ಸೇಲಂನಲ್ಲಿ. ನಾನ್ಯಾರು ಗೊತ್ತಲ್ಲ? ಸಂಘದ ತಲೈವರ್!"

"ನೀವ್ಯಾರು ಅಂತ ಗೊತ್ತಣ್ಣಾ. ಕಾರು ಯಾರ್ದು ಅಂತ ಗೊತ್ತಿಲ್ಲ."

ಮೂವರು ಮೆಕ್ಯಾನಿಕರು ನೆಲ ನೋಡುತ್ತಾರೆ. ಅಧ್ಯಕ್ಷರ ಮುಖ ಕೆಂಪಗಾಗುತ್ತದೆ, ದನಿ ಏರುತ್ತದೆ. ಧನಲಕ್ಷ್ಮಿ ಅಲ್ಲೇ ಬಿದ್ದಿದ್ದ ಹಳೇ ಟೈರಿನ ಮೇಲೆ ಕೂತುಬಿಡುತ್ತಾರೆ. ಒಂದೂವರೆ ಗಂಟೆಯ ನಂತರ ಕಾರಿನ ಒಡತಿ, ಟೀಚರ್ ವನಿತಾ, ಬಸ್ಸಿನಲ್ಲಿ ಆರ್‌ಸಿ ಹಿಡಿದು ಬರುತ್ತಾರೆ. ಧನಲಕ್ಷ್ಮಿ ಅದನ್ನು ಓದಿ, ಎದ್ದು, ಕೆಲಸಕ್ಕೆ ಕೂರುತ್ತಾರೆ. ಹನ್ನೆರಡು ನಿಮಿಷಕ್ಕೆ ಸ್ಟೀರಿಂಗ್ ತಿರುಗುತ್ತದೆ.

ಗೋವಿಂದರಾಜ್ ಕೆಟ್ಟ ಮನುಷ್ಯರಲ್ಲ. ಮೇಜಿನಿಂದ ಹೊಸ ಕಾರ್ಡೊಂದನ್ನು ತೆಗೆದು ಅಲ್ಲೇ ಮೊಹರು ಒತ್ತುತ್ತಾರೆ. ಗಂಡನ ಸಹಿಯೂ ಬೇಡ, ಫೋಟೋವೂ ಬೇಡ, ಇಟ್ಟುಕೋ ಎಂದು ಪೆನ್ನು ತೆರೆದು 'ಪಳನಿ' ಎಂದು ಬರೆಯುತ್ತಾರೆ. ಉಪಕಾರ ಮಾಡಿದೆನೆಂಬ ಸಂತೋಷ ಅವರ ಮುಖದಲ್ಲಿ. ಧನಲಕ್ಷ್ಮಿ ಆ ಕಾರ್ಡನ್ನು ಓದಿ, ಮೇಜಿನ ಮೇಲೆ ಬೋರಲು ಹಾಕಿ ಹೊರಬರುತ್ತಾರೆ. ಹಿಂದಿನಿಂದ ಅಧ್ಯಕ್ಷರು ಕೂಗುತ್ತಲೇ ಇದ್ದಾರೆ.

ಹೊರಗೆ ಮುಂದಿನ ಕರೆ ಬಂದಾಗಿದೆ. ಮೊಪೆಡ್ ಶುರು ಮಾಡುವಾಗ ವನಿತಾ ಟೀಚರಿಗೆ ತಡೆಯಲಾಗುವುದಿಲ್ಲ. ಮುಂದಿನ ತಿಂಗಳು ಹುಟ್ಟಿದರೆ ಪೊಲೀಸರು ಹಿಡಿಯುವುದಿಲ್ಲವೇ, ಆ ಕಾರ್ಡು ತೆಗೆದುಕೊಳ್ಳಬಾರದಿತ್ತೇ ಎಂದು ಕೇಳುತ್ತಾರೆ.

"ಹಿಡೀಲಿ ಬಿಡಿ ಟೀಚರ್," ಎನ್ನುತ್ತಾರೆ ಧನಲಕ್ಷ್ಮಿ. "ಸ್ಟೇಷನ್ನಲ್ಲಿ ಯಾರಮ್ಮಾ ಬೀಗ ತೆಗ್ದಿದ್ದು ಅಂತ ಕೇಳ್ತಾರಲ್ಲ, ಅಲ್ಲಾದ್ರೂ ನನ್ ಹೆಸ್ರೇ ಬರ್ಕೊಂತಾರೆ."