ಒಲೆಯ ಮೇಲಿರುವಾಗ ರುಚಿ ನೋಡಬಾರದು

ನಮ್ಮ ಅತ್ತೆಯ ಆಡಳಿತದಲ್ಲಿ ಒಲೆಯ ಮೇಲಿರುವುದರ ರುಚಿಯನ್ನು ಯಾರೂ ನೋಡುವಂತಿರಲಿಲ್ಲ. ದೇವರಿಗೆ ನೈವೇದ್ಯವಾಗುವ ಮೊದಲು ನಾಲಿಗೆಗೆ ತಾಗಿಸಿದರೆ ಅಡುಗೆಯೆಲ್ಲ ಎಂಜಲು. ಸಾಯಂಕಾಲದ ಅಡುಗೆಗೆ ನೈವೇದ್ಯವಿಲ್ಲದಿದ್ದರೂ ಕಾನೂನು ಕಾನೂನೇ. ನಾವು ನೋಯ್ಡಾದ ಎಂಟನೇ ಮಹಡಿಗೆ ಬಂದಾಗ ಅದೂ ಲಿಫ್ಟ್ ಹತ್ತಿ ನಮ್ಮ ಜೊತೆಗೇ ಬಂದಿತ್ತು. ಸಾರು, ಹುಳಿ, ಗೊಜ್ಜಿಗೆಲ್ಲ ಎಷ್ಟು ಉಪ್ಪು ಎಂದು ನನ್ನ ಕೈಗೇ ಗೊತ್ತಿದ್ದುದರಿಂದ ಪಾಸ್ತಾ ಬರುವ ತನಕ ತೊಂದರೆಯಾಗಲಿಲ್ಲ.

ಗಂಡನಿಗೆ ದಿಲ್ಲಿಯ ಕೇಂದ್ರ ಸರ್ಕಾರದ ಕಚೇರಿಗೆ ವರ್ಗವಾಗಿ, ಮಗಳು ಏಳನೇ ಕ್ಲಾಸಿಗೆ ಹೊಸ ಶಾಲೆ ಸೇರಿದ್ದಳು. ಅವಳು ಡಬ್ಬಿ ತೆರೆದರೆ ಇಂಗಿನ ವಾಸನೆಗೆ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ಒಬ್ಬಳೇ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದಳು. ಕೆಲವು ದಿನ ಡಬ್ಬಿ ಹೋದ ಹಾಗೇ ವಾಪಸು ಬರುತ್ತಿತ್ತು. ಅಂಥವಳು ಒಂದು ಶನಿವಾರ ಆ ಹುಡುಗಿಯರಲ್ಲೇ ಮೂವರನ್ನು ಮನೆಗೆ ಕರೆದುಬಿಟ್ಟಳು.

"ಅಮ್ಮಾ, ಪ್ಲೀಸ್, ಪಾಸ್ತಾ ಮಾಡು. ಉಪ್ಪಿಟ್ಟು ಮತ್ ಬನಾನಾ, ಬೇಡವೇ ಬೇಡ. ಏನಾದ್ರೂ ಗಡ್‌ಬಡ್ ಆದ್ರೆ ಅವ್ರು ಮತ್ತೆ ನನ್ ಜೊತೆ ಕೂರೋದೇ ಇಲ್ಲ."

ಅವಳ ದನಿಯಲ್ಲಿದ್ದ ಭಯ ನನಗೂ ಹತ್ತಿಕೊಂಡಿತು.

ಈರುಳ್ಳಿ, ಬೆಳ್ಳುಳ್ಳಿಯ ಮಾತೇ ಇರಲಿಲ್ಲ. ತರಕಾರಿ ಗಾಡಿಯ ಭಯ್ಯಾನ ಹತ್ತಿರ ಕೆಂಪಗಿದ್ದ ಟೊಮೇಟೊಗಳನ್ನೇ ಆರಿಸಿ ತಂದೆ. ಬಿಸಿನೀರಿಗೆ ಹಾಕಿ, ಸಿಪ್ಪೆ ಸುಲಿದು, ಚೆನ್ನಾಗಿ ಕಿವುಚಿ, ಎಣ್ಣೆಗೆ ಸುರಿದು ಕುದಿಯಲು ಬಿಟ್ಟೆ. ಕೈ ತಾನಾಗಿಯೇ ಸಾಸಿವೆ ಡಬ್ಬಿಯತ್ತ ಹೋಯಿತು, ಎಳೆದುಕೊಂಡೆ. ಇಂಗನ್ನಂತೂ ಬೆಳಿಗ್ಗೆಯೇ ಅಟ್ಟಕ್ಕೆ ಗಡೀಪಾರು ಮಾಡಿದ್ದೆ. ಆದರೆ ಉಪ್ಪು? ಪಾಸ್ತಾ ಬೇಯುವ ನೀರಿಗೂ ಉಪ್ಪು ಹಾಕಬೇಕೆಂದು ಪ್ಯಾಕೆಟ್ಟಿನ ಮೇಲಿತ್ತು. ಹಾಗಾದರೆ ಸಾಸಿಗೆಷ್ಟು? ಉಪ್ಪಿಗಿಂತ ರುಚಿಯಿಲ್ಲ ಎನ್ನುತ್ತಾರೆ, ಎಷ್ಟು ಉಪ್ಪು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಅತ್ತೆ ಅಡುಗೆಮನೆಯ ಬಾಗಿಲಲ್ಲೇ ಮಣೆ ಹಾಕಿಕೊಂಡು ಬತ್ತಿ ಹೊಸೆಯುತ್ತಿದ್ದರು. ಕೈ ಹತ್ತಿಯ ಮೇಲೆ, ಕಣ್ಣು ನನ್ನ ಮೇಲೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಸೆಕೆಗೆ ಸೀರೆ ಬೆನ್ನಿಗೆ ಅಂಟಿಕೊಂಡಿತು. ಕೆಳಗಿನಿಂದ ಗಾರ್ಡ್ ಇಂಟರ್‌ಕಾಮ್‌ನಲ್ಲಿ ಹುಡುಗಿಯರು ಬಂದರೆಂದು ತಿಳಿಸಿದ.

ಮಗಳು ಓಡಿ ಬಂದಳು. "ಅಮ್ಮಾ, ಟೇಸ್ಟ್ ಮಾಡಿದ್ಯಾ?"

"ಮಾಡಬಾರದು ಅಂತ ಗೊತ್ತಿಲ್ವಾ ನಿಂಗೆ?"

"ಔರ್ ಅಚ್ಛಾ ನಹೀ ಹುವಾ ತೋ?"

ಚೆನ್ನಾಗಿ ಆಗದಿದ್ದರೆ ಎಂಬ ಆ ಪ್ರಶ್ನೆ ನನ್ನದೂ ಆಗಿತ್ತು. ಅವಳು ಅಳು ನುಂಗಿಕೊಂಡು ಬಾಗಿಲ ಕಡೆ ಹೋದಳು. ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆಯ ಮೇಲೋ, ಪಾಸ್ತಾದ ಮೇಲೋ, ಇಷ್ಟು ವರ್ಷ ತೆಪ್ಪಗಿದ್ದ ನನ್ನ ಮೇಲೋ ತಿಳಿಯಲಿಲ್ಲ. ಸೌಟಿನಿಂದ ಅಂಗೈಗೆ ಒಂದಿಷ್ಟು ಹಾಕಿಕೊಂಡು, ಅತ್ತೆಯನ್ನೇ ನೋಡುತ್ತಾ ನೆಕ್ಕಿದೆ.

"ಏನೇ ಇದು!" ಎಂದರು ಅತ್ತೆ.

"ಹುಳಿ, ಅತ್ತೆ," ಎಂದೆ.

ಬಾಯಿಗಿಡಲಾಗದಷ್ಟು ಹುಳಿ. ಉಪ್ಪೂ ಸಾಲದು. ಸಕ್ಕರೆ ಹಾಕಿದೆ, ಉಪ್ಪು ಹಾಕಿದೆ, ಕೈ ತೊಳೆದು ಮತ್ತೆ ರುಚಿ ನೋಡಿದೆ. ಅತ್ತೆ ಬತ್ತಿಯ ತಟ್ಟೆ ಎತ್ತಿಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಹುಡುಗಿಯರು ತಿಂದರು. ಒಬ್ಬಳು "ಆಂಟೀ, ಔರ್ ಹೈ?" ಎಂದು ತಟ್ಟೆ ಚಾಚಿದಳು. ಮಗಳು ಜೋರಾಗಿ ನಕ್ಕಳು. ನೋಯ್ಡಾಕ್ಕೆ ಬಂದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಸಂತೋಷವಾಯಿತು, ಆದರೆ ಕಿವಿಯೆಲ್ಲ ಮುಚ್ಚಿದ ಬಾಗಿಲ ಕಡೆಗೇ ಇತ್ತು.

ಹುಡುಗಿಯರು ಹೊರಟ ಮೇಲೆ ಒಲೆ, ಕಟ್ಟೆ ಎಲ್ಲ ತಿಕ್ಕಿ ತೊಳೆದೆ. ಅತ್ತೆ ಹೊರಗೆ ಬಂದು ಏನೂ ಬೇಯಿಸುವುದು ಬೇಡವೆಂದು ಅವಲಕ್ಕಿ ನೆನೆಸಿ ಮೊಸರು ಹಾಕಿಕೊಂಡರು. ನಾನು ಎದುರಿಗೆ ಕೂತು ಬೈಗುಳಕ್ಕೆ ಕಾದೆ.

"ಉಪ್ಪು ಸರಿಯಾಗಿತ್ತಾ?" ಎಂದರು.

"ಮೊದಲು ಕಮ್ಮಿ ಇತ್ತು ಅತ್ತೆ. ಆಮೇಲೆ ಹಾಕಿದೆ."

ಅವರು ಅವಲಕ್ಕಿ ಕಲಸುತ್ತಲೇ ಇದ್ದರು.

"ನಿಮ್ಮ ಮಾವ ಸಾರಿಗೆ ಉಪ್ಪು ಕಮ್ಮಿ ಅಂತ ಎಲೆ ಮುಂದಿಂದ ಎದ್ದು ಹೋಗೋರು. ನೆಂಟರ ಎದುರಿಗೇ. ದಿನಾ ಒಲೆ ಮುಂದೆ ನಿಂತು, ದೇವರೇ, ಇವತ್ತೊಂದು ದಿನ ಸರಿ ಇರಲಿ ಅಂತ ಬೇಡ್ಕೊಳ್ತಿದ್ದೆ. ಸೌಟು ನನ್ನ ಕೈಯಲ್ಲೇ ಇರ್ತಿತ್ತು ನೋಡು."