ಲಿಲ್ಲಿ ಬಾಯಿಯವರ ಹೃದಯ ಮತ್ತು ಹೊಸ ಅಕ್ಕಿ

ಸೆಪ್ಟೆಂಬರ್ ಏಳು, ಕರಾವಳಿಯ ಕ್ರೈಸ್ತರು ಹೊಸ ಅಕ್ಕಿ ಉಣ್ಣುವ ಮೊಂತಿ ಹಬ್ಬದ ಮುನ್ನಾದಿನ. ತಾರೀಕುಗಳನ್ನು ಬರೆದಿಡುವ ನನ್ನ ಬಳಿ ಆಧಾರವಿದೆ: ಮಂಗಳೂರಿನ ಆಸ್ಪತ್ರೆಯೊಂದರ ಬಿಡುಗಡೆ ಪತ್ರ. ಅಂದು ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲು ಮುಚ್ಚುವವರೆಗೂ ಲಿಲ್ಲಿ ಬಾಯಿಯವರ ನಗು ಕೇಳುತ್ತಲೇ ಇತ್ತು.

ಸೀತಾಂಗೋಳಿಯಲ್ಲಿ ಅವರು ನಮ್ಮ ಎದುರು ಮನೆಯವರು. ನೆರೆಕರೆಯ ಯಾರಿಗೆ ಆಪರೇಶನ್ ಇದ್ದರೂ ಜೊತೆಗೆ ಹೊರಡುವುದು ಅವರ ವ್ರತ. ನನ್ನ ಹರ್ನಿಯಾದ ಸಂದರ್ಭದಲ್ಲಿ, "ಎಂತ ಭಟ್ರೇ, ಮದುಮಗನ ಹಾಗೆ ಬೆವರುವುದು? ಒಂದು ನಿದ್ದೆ, ಅಷ್ಟೇ ಮಾರಾಯ್ರೆ!" ಎಂದು ಇಡೀ ವಾರ್ಡನ್ನೇ ನಗಿಸಿದ್ದರು. ಅವರ ಪಿತ್ತಕೋಶದ ಕಲ್ಲು ಹಬ್ಬ ಕಳೆಯುವವರೆಗೂ ಕಾಯದಿದ್ದಾಗ, ಜೊತೆಗೆ ಹೊರಡುವ ಸರದಿ ನನ್ನದಾಯಿತು. ಅವರಿಗಿದ್ದ ಚಿಂತೆ ಒಂದೇ: "ನಾಳೆ ಹೊಸ ಅಕ್ಕಿ ಹಂಚುವುದು ಯಾರು?" ಆ ಮನೆಯಲ್ಲಿ ಹಿರಿಯರಾದ ಅವರ ಕೈಯಿಂದಲೇ ಅದು ಆಗಬೇಕಿತ್ತು.

ಅರಿವಳಿಕೆ ಕೊಟ್ಟ ಸ್ವಲ್ಪ ಹೊತ್ತಿಗೆ ರಕ್ತದೊತ್ತಡ ಕುಸಿಯಿತು. ಶಸ್ತ್ರಚಿಕಿತ್ಸೆ ನಿಂತಿತು. ಪರೀಕ್ಷೆಗಳ ನಂತರ ವೈದ್ಯರು ವಿವರಿಸಿದರು: ರಕ್ತನಾಳಗಳಲ್ಲಿ ತಡೆಯಿಲ್ಲ, ಹೆದರಿಕೆಯಂಥ ತೀವ್ರ ಮಾನಸಿಕ ಒತ್ತಡದಿಂದ ಹೃದಯದ ಸ್ನಾಯು ಸೋತು, ತುದಿ ಬಲೂನಿನಂತೆ ಉಬ್ಬಿದೆ, ಈ ಗಂಡಾಂತರ ದಾಟಿದರೆ ಮತ್ತೆ ಮೊದಲಿನಂತಾಗುವ ಸಾಧ್ಯತೆ ಹೆಚ್ಚು.

"ಮಮ್ಮಿಗೆ ಹೆದರಿಕೆಯಾ?" ಮಗಳು ಐವಿ ನಂಬಲೇ ಇಲ್ಲ. "ಊರಿಗೆಲ್ಲ ಧೈರ್ಯ ಹೇಳುವವರು!"

ಮರುದಿನ ಇಗರ್ಜಿಯಿಂದ ಬಂದ ಆಶೀರ್ವದಿಸಿದ ಭತ್ತದ ತೆನೆ ದೇವರ ಪೀಠದ ಮುಂದೆಯೇ ಉಳಿಯಿತು. ಮಮ್ಮಿ ಬಾರದೆ ಅದನ್ನು ಮುಟ್ಟುವುದಿಲ್ಲವೆಂದು ಐವಿ ಹಟ ಹಿಡಿದಳು.

ಕೆಲವು ವಾರಗಳ ಬಳಿಕ, ಆಸ್ಪತ್ರೆಯ ಸ್ಕ್ಯಾನಿಂಗ್ ಕೊಠಡಿಯ ಪರದೆಯ ಮೇಲೆ ಅದೇ ಹೃದಯ! ಉಬ್ಬಿದ್ದ ತುದಿ ಈಗ ಮುಷ್ಟಿಯಂತೆ ಬಿಗಿಯುತ್ತಿತ್ತು, ಸಡಿಲುತ್ತಿತ್ತು, ಮತ್ತೆ ಬಿಗಿಯುತ್ತಿತ್ತು! ನನಗರಿವಿಲ್ಲದೆ ಚಪ್ಪಾಳೆ ತಟ್ಟಿಬಿಟ್ಟೆ.

"ಎಂತ ಭಟ್ರೇ, ಆಟ ನೋಡ್ಲಿಕ್ಕೆ ಬಂದದ್ದಾ?" ಮಲಗಿದ್ದಲ್ಲಿಂದಲೇ ಗದರಿದರು. ಆಮೇಲೆ ಮೆಲ್ಲನೆ, "ನನಗೂ ಹೆದರಿಕೆ ಉಂಟು ಅಂತ ಊರಲ್ಲಿ ಹೇಳ್ಬೇಡಿ, ಆಯ್ತಾ? ಮತ್ತೆ ನನ್ನನ್ನು ಯಾರೂ ಕರ್ಕೊಂಡು ಹೋಗ್ಲಿಕ್ಕಿಲ್ಲ."

ಅಂದೇ ಮನೆಯಲ್ಲಿ ತೆನೆಯ ಕಾಳು ಸುಲಿದು, ಅರೆದು, ಹಾಲಿಗೆ ಬೆರೆಸಿದರು. ಲಿಲ್ಲಿ ಬಾಯಿ ಎಲ್ಲರ ಅಂಗೈಗೂ ಒಂದೊಂದು ಚಮಚ ಹಾಕಿದರು; ನನ್ನದಕ್ಕೂ.

"ನೀವು ತಾರೀಕಿನ ಮನುಷ್ಯ ಅಲ್ವಾ? ಬರೆದುಕೊಳ್ಳಿ: ಇವತ್ತೇ ಮೊಂತಿ ಹಬ್ಬ!"

ಅಲ್ಲಿಯವರೆಗೆ ಔಷಧಿಯಲ್ಲಿ ತಡೆದಿಟ್ಟಿದ್ದ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆ ಮುಂದೆ ಸುಸೂತ್ರವಾಗಿ ನಡೆಯಿತು. ಊರವರ ಜೊತೆಗೆ ಆಸ್ಪತ್ರೆಗೆ ಹೋಗುವುದನ್ನೂ ಅವರು ಬಿಡಲಿಲ್ಲ. ಈಗ ಅವರಿಲ್ಲ, ಎದುರು ಮನೆಯ ಜಗಲಿಯಿಂದ ಯಾರೂ ನನ್ನನ್ನು ಗದರುವುದಿಲ್ಲ.

ಬಿಡುಗಡೆ ಪತ್ರದ ಪ್ರಕಾರ, ಸೆಪ್ಟೆಂಬರ್ ಎಂಟರಂದು ಲಿಲ್ಲಿ ಬಾಯಿ ತೀವ್ರ ನಿಗಾ ಘಟಕದಲ್ಲಿದ್ದರು. ಬಾಯಿಗೆ ಗುಟುಕು ನೀರೂ ನಿಷಿದ್ಧವಾಗಿತ್ತು. ದಾಖಲೆಯಲ್ಲಿ ತಪ್ಪಿಲ್ಲ, ಪರಿಶೀಲಿಸಿದ್ದೇನೆ. ಆದರೂ ಆ ವರ್ಷದ ಮೊಂತಿ ಹಬ್ಬದ ದಿನಾಂಕವನ್ನು ಅವರು ಹೇಳಿದಂತೆಯೇ ಬರೆದಿಟ್ಟಿದ್ದೇನೆ, ತಿದ್ದುವುದಿಲ್ಲ.